ಎರಡು ಗೇಟಿನ ಪ್ರಯಾಣ

ಬಂದರು ಕಚೇರಿಯ ಗುಮಾಸ್ತರಿಗೆ ಕಾರು ಓಡಿಸಲು ಬರುತ್ತಿತ್ತು. ಈ ಮಾತನ್ನು ಅವರೇ ದಿನಕ್ಕೆ ನಾಲ್ಕು ಸಲ ಹೇಳಿಕೊಳ್ಳುತ್ತಿದ್ದುದರಿಂದ ಯಾರೂ ಅನುಮಾನ ಪಡುವ ಹಾಗಿರಲಿಲ್ಲ. ಅದು ಮುಂದಕ್ಕೆ ಮಾತ್ರ ಎಂದು ತಿದ್ದಬೇಕಾದವರೂ ಅವರೇ, ಆದರೆ ಅವರು ತಿದ್ದಲಿಲ್ಲ. ಕಾರನ್ನು ಹಿಂದಕ್ಕೆ ಒಂದು ಮೊಳ ಬಿಡುವುದು ಕೂಡ ಅವರಿಂದ ಆಗುತ್ತಿರಲಿಲ್ಲ.

ಇದರಲ್ಲಿ ಅವರದೇನೂ ತಪ್ಪಿಲ್ಲ, ಪಾಪ. ಡ್ರೈವಿಂಗ್ ಸ್ಕೂಲಿನಲ್ಲಿ ರಿವರ್ಸ್ ಕಲಿಸಬೇಕಾದ ವಾರ ಕಲಿಸುವವನಿಗೆ ಜ್ವರ ಬಂದಿತ್ತು. ಪರೀಕ್ಷೆಯ ದಿನ ಇನ್‌ಸ್ಪೆಕ್ಟರಿಗೆ ಹಸಿವಾಗಿತ್ತು. "ಸಾಕು, ಇಳೀರಿ" ಎಂದು ರುಜು ಹಾಕಿ ಊಟಕ್ಕೆ ಹೋದ. ಕಾರು ಮನೆಗೆ ಬಂದ ಮೊದಲ ಭಾನುವಾರ ಗುಮಾಸ್ತರು ಖಾಲಿ ಬಂದರಿನ ಅಂಗಳಕ್ಕೆ ಹೋಗಿ, ಧೈರ್ಯ ತಂದುಕೊಂಡು, ಹಿಂದಕ್ಕೆ ಬಿಟ್ಟರು. ಕನ್ನಡಿಯಲ್ಲಿ ಎಡ ಯಾವುದು ಬಲ ಯಾವುದು ಎಂದು ಅವರು ತೀರ್ಮಾನಿಸುವಷ್ಟರಲ್ಲಿ ಸಾಲಾಗಿ ಪೇರಿಸಿಟ್ಟಿದ್ದ ಮೀನಿನ ಬುಟ್ಟಿಗಳು ಒಂದೊಂದಾಗಿ ಕಾರಿನ ಮೇಲೆ ಬಂದು ಕೂತವು. ವಾಸನೆ ಒಂದು ತಿಂಗಳು ಹೋಗಲಿಲ್ಲ. ಹೆಂಡತಿ ಮೂಗು ಮುಚ್ಚಿಕೊಂಡು ಕೇಳಿದಾಗ, "ಹೊಸ ಸೀಟಲ್ವಾ, ಹಂಗೇ ಇರುತ್ತೆ" ಎಂದುಬಿಟ್ಟರು.

ಅಂದಿನಿಂದ ಗುಮಾಸ್ತರು ಹಿಂದೆ ಹೋಗದೆಯೇ ಬದುಕುವ ವಿದ್ಯೆ ಕಲಿತರು. ಮನೆಯ ಹಿಂದಿನ ಕಾಂಪೌಂಡು ಒಡೆಸಿ, ಹೆಂಡತಿಯ ಹೂಬಳ್ಳಿಯ ಚಪ್ಪರ ಕೀಳಿಸಿ, ಇನ್ನೊಂದು ಗೇಟು ಇಡಿಸಿದರು. ಕೇಳಿದವರಿಗೆ "ಗಾಳಿ ಆಡ್ಲಿ ಅಂತ" ಎಂದರು. ಕಾರು ಮುಂದಿನ ಗೇಟಿನಿಂದ ಬಂದು ಹಿಂದಿನ ಗೇಟಿನಿಂದ ಹೋಗುತ್ತಿತ್ತು. ಕೂಗಳತೆಯಲ್ಲಿದ್ದ ಕ್ಷೌರದಂಗಡಿಗೆ ಹೋಗಿ ಬರಲು ಊರಿಗೊಂದು ಪ್ರದಕ್ಷಿಣೆಯಾಗುತ್ತಿತ್ತು. ಪಕ್ಕದಲ್ಲಿ ಕೂತ ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದಳೇ ಹೊರತು ಏನೂ ಕೇಳುತ್ತಿರಲಿಲ್ಲ. ತನ್ನ ಮೇಲೆ ಅವಳಿಗೆ ಎಂಥ ನಂಬಿಕೆ ಎಂದು ಗುಮಾಸ್ತರಿಗೆ ಹೆಮ್ಮೆಯಾಗುತ್ತಿತ್ತು.

ಇನ್ನು ಈ ಹೆಂಡತಿಯ ಸಂಗತಿ. ಅವಳಿಗೆ ಒಬ್ಬಳೇ ಅಕ್ಕ. ತಾಯಿಯಿಲ್ಲದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈಗ ಬೆಟ್ಟದಾಚೆ, ಒಳನಾಡಿನ ಒಂದು ಸಣ್ಣ ಪೇಟೆಯಲ್ಲಿ ಸಸಿಗಳ ನರ್ಸರಿ ಇಟ್ಟುಕೊಂಡು, ತಾನೇ ಟ್ರ್ಯಾಕ್ಟರ್ ಓಡಿಸಿಕೊಂಡು ಒಬ್ಬಳೇ ಇದ್ದಳು. ಸಸಿಗಳನ್ನು ಬಿಟ್ಟು ಒಂದು ದಿನವೂ ಕದಲುವಂತಿರಲಿಲ್ಲ. ಎರಡು ವರ್ಷದ ಹಿಂದೆ ಮನೆಯ ಮೇಲೊಂದು ಕೋಣೆ ಕಟ್ಟಿಸಿದಾಗ ಫೋನಿನಲ್ಲಿ ಹೇಳಿದ್ದಳು: "ಪುಟ್ಟೀ, ಆ ಕೋಣೇಲಿ ಮೊದಲು ಮಲಗೋಳು ನೀನು. ನೀನು ಬರೋ ತನಕ ಯಾರನ್ನೂ ಒಳಗೆ ಬಿಡಲ್ಲ." ಮಾತೆಂದರೆ ಮಾತು. ಬಂದ ನೆಂಟರೆಲ್ಲ ಕೆಳಗೆ ನಡುಮನೆಯಲ್ಲಿ ಸಾಲಾಗಿ ಮಲಗುತ್ತಿದ್ದರು. ಮೇಲೆ ಹೊಸ ಮಂಚ, ಹೊಸ ಹಾಸಿಗೆ ಬೀಗದೊಳಗೆ ಹಾಗೇ ಇದ್ದವು.

"ರೀ, ಎಂಟು ದಿನ. ಎಂಟೇ ದಿನ ಅಕ್ಕನ ಜೊತೆ ಇದ್ದು ಬರ್ತೀನಿ. ಬಸ್ಸು ಹತ್ತಿಸಿಬಿಡಿ ಸಾಕು" ಎಂದು ಹೆಂಡತಿ ಆಗಲೇ ಕೇಳಿದ್ದಳು.

"ಬಸ್ಸಾ!" ಗುಮಾಸ್ತರು ಕೂತಲ್ಲಿಂದ ಎದ್ದೇಬಿಟ್ಟಿದ್ದರು. "ಮನೇಲಿ ಕಾರು ನಿಲ್ಲಿಸ್ಕೊಂಡು ಹೆಂಡತೀನ ಬಸ್ಸಲ್ಲಿ ಕಳಿಸಿದ್ರೆ ನಾಕು ಜನ ಮುಖಕ್ಕೆ ಉಗೀತಾರೆ. ಕಾರಲ್ಲೇ ಕರ್ಕೊಂಡು ಹೋಗ್ತೀನಿ. ಆದ್ರೆ ಇಂಥ ಪ್ರಯಾಣಕ್ಕೆ ಪ್ಲಾನ್ ಬೇಕು ಕಣೇ, ಪ್ಲಾನು!"

ಆ ಪ್ಲಾನಿಗೆ ಈಗ ಎರಡು ವರ್ಷ ತುಂಬಿತ್ತು. ಕೊನೆಗೆ ಅಕ್ಕನೇ ಫೋನು ಮಾಡಿದಳು. "ಈ ತಿಂಗಳು ಬಂದ್ರೆ ಸರಿ. ಇಲ್ದಿದ್ರೆ ಕೋಣೆಗೆ ಗೊಬ್ಬರದ ಚೀಲ ತುಂಬಿಸ್ತೀನಿ" ಎಂದು ಇಟ್ಟುಬಿಟ್ಟಳು. ಹೆಂಡತಿ ಕೂಗಾಡಲಿಲ್ಲ, ಮುನಿಸಿಕೊಳ್ಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು, ಅಷ್ಟೇ. ಗುಮಾಸ್ತರು ಎದ್ದು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತರು.

"ಮುಂದಿನ ವಾರ ಬಿಟ್ಟು ಅದರ ಮುಂದಿನ ಗುರುವಾರ ಹೊರಡೋದು. ಒಂದು ರಾತ್ರಿ ಇದ್ದು ವಾಪಸ್" ಎಂದರು.

"ಒಂದೇ ರಾತ್ರೀನಾ?"

"ಮತ್ತೆ? ಉಬ್ಬರ ಎಷ್ಟೊತ್ತಿಗೆ, ಇಳಿತ ಎಷ್ಟೊತ್ತಿಗೆ ಅಂತ ಬಂದರಿನ ಬೋರ್ಡ್ ಮೇಲೆ ದಿನಾ ಬರೆಯೋನು ನಾನು. ನಾನಿಲ್ಲ ಅಂದ್ರೆ ಸಮುದ್ರ ಕಾಯುತ್ತಾ?"

ಮರುದಿನದಿಂದ ಗುಮಾಸ್ತರ ಮೇಜಿನ ಮೇಲೆ ಒಂದು ನೋಟ್‌ಬುಕ್ಕು ತೆರೆದುಕೊಂಡಿತು. ಇನ್ನೂರ ಅರವತ್ತು ಕಿಲೋಮೀಟರ್ ದಾರಿ. ಅದರಲ್ಲಿ ಒಂದೇ ಒಂದು ಸಲವೂ ಕಾರು ಹಿಂದೆ ಸರಿಯಬಾರದು. ಬೆಟ್ಟದ ಕಿರುಸೇತುವೆಯ ಮೇಲೆ ಲಾರಿಗಳು ಓಡಾಡದ ಹೊತ್ತು ಯಾವುದು? ಯಾವ ಬಂಕಿನಲ್ಲಿ ಒಂದು ಕಡೆಯಿಂದ ನುಗ್ಗಿ ಪೆಟ್ರೋಲು ಹಾಕಿಸಿಕೊಂಡು ಇನ್ನೊಂದು ಕಡೆಯಿಂದ ಹೊರಬೀಳಬಹುದು? ಪಕ್ಕದ ಮನೆಯ ನಿವೃತ್ತ ಭೂಗೋಳದ ಮೇಷ್ಟ್ರು ಆ ನೋಟ್‌ಬುಕ್ಕು ನೋಡಿ ಬೆರಗಾದರು.

"ನಲವತ್ತು ವರ್ಷ ನಕಾಶೆ ಕಲಿಸ್ದೆ ಕಣ್ರೀ. ಈ ಕಣ್ಣಿಂದ ದಾರಿ ನೋಡಿದೋರನ್ನ ನಾ ಕಾಣೆ! ಅದೇನು, ಎಲ್ಲಾ ಕಡೆ 'ಎರಡು ಗೇಟು', 'ಎರಡು ಗೇಟು' ಅಂತ ಕೆಂಪಲ್ಲಿ ಬರ್ದಿದೀರಲ್ಲ?"

"ಸುರಕ್ಷತೆ" ಎಂದರು ಗುಮಾಸ್ತರು, ತೀರಾ ಗಂಭೀರವಾಗಿ.

ಮೇಷ್ಟ್ರು ಆ ಗಾಂಭೀರ್ಯವನ್ನು ಬೀದಿಗೆಲ್ಲ ಹಂಚಿ ಬಂದರು. ಸಂಜೆಯೊಳಗೆ ಹಾಲಿನವನು ಕೂಡ ಗುಮಾಸ್ತರಿಗೆ ನಮಸ್ಕಾರ ಹಾಕತೊಡಗಿದ.

ಮಧ್ಯಾಹ್ನದ ಊಟಕ್ಕೆ ಬೆಟ್ಟದಾಚೆಯ ಒಂದು ಹೋಟೆಲನ್ನು ಗುರುತು ಮಾಡಿಕೊಂಡು ಕಚೇರಿಯಿಂದಲೇ ಫೋನು ಮಾಡಿದರು.

"ನಾನು ಬಂದರು ಕಚೇರಿಯಿಂದ. ಮುಂದಿನ ಗುರುವಾರ ಹನ್ನೆರಡೂವರೆಗೆ ಬರ್ತೀವಿ. ನಿಮ್ಮ ಅಂಗಳಕ್ಕೆ ಎರಡು ಗೇಟು ಇದೆಯಾ?"

"ಎರಡು ಗೇಟಾ? ಇದೆ ಸಾರ್. ಎಷ್ಟು ಗಾಡಿ ಬರ್ತವೆ?"

"ಒಂದೇ. ನಾನು, ನನ್ನ ಹೆಂಡತಿ. ಆದ್ರೆ ಒಂದರಿಂದ ಬಂದು ಇನ್ನೊಂದರಿಂದ ಹೋಗ್ಬೇಕು. ಎದುರಿಗೆ ಯಾವ ಗಾಡೀನೂ ಅಡ್ಡ ಇರಬಾರದು. ಇದನ್ನ ಯಾರಿಗೂ ಹೇಳೋಕೆ ಹೋಗಬೇಡಿ."

ಕೊನೆಯ ಮಾತು ಗುಮಾಸ್ತರು ಮಾನ ಉಳಿಸಿಕೊಳ್ಳಲು ಹೇಳಿದ್ದು. ಹೋಟೆಲಿನವನ ಮೈ ಜುಮ್ಮೆಂದಿತು. ಊಟಕ್ಕೆ ಬರುವವರು ಏನಿದೆ ಎಂದು ಕೇಳುತ್ತಾರೆ, ಎಷ್ಟು ಬಿಸಿ ಎಂದು ಕೇಳುತ್ತಾರೆ. ಗೇಟು ಕೇಳುವವರು ಎಂಥವರಿರಬೇಕು! "ಬಾಯಿಗೆ ಬೀಗ ಸಾರ್" ಎಂದು ಫೋನು ಇಟ್ಟವನು, ಪಕ್ಕದ ಪೇಟೆಯ ಪುರಸಭೆಯಲ್ಲಿ ಮುಖ್ಯಾಧಿಕಾರಿಯಾಗಿದ್ದ ತನ್ನ ಭಾವನಿಗೆ ತಕ್ಷಣ ಫೋನು ಮಾಡಿದ.

ಆ ಭಾವನ ಮೇಜಿನ ಮೇಲೆ ಆಗಲೇ ಒಂದು ಕಾಗದ ಬಿದ್ದಿತ್ತು. ಅದನ್ನು ಬರೆದವರೂ ನಮ್ಮ ಗುಮಾಸ್ತರೇ. ಅಕ್ಕನ ಮನೆ ಇದ್ದದ್ದು ಅದೇ ಪೇಟೆಯಲ್ಲಿ, ಒಂದು ಇಕ್ಕಟ್ಟಾದ ಓಣಿಯ ಕೊಟ್ಟಕೊನೆಯಲ್ಲಿ. ಅಕ್ಕನನ್ನೇ ಕೇಳಿದರೆ ಗುಟ್ಟು ರಟ್ಟಾಗುತ್ತದೆಂದು ಅವರು ಪುರಸಭೆಗೆ ಬರೆದಿದ್ದರು. ಕೈಗೆ ಸಿಕ್ಕಿದ್ದು ಕಚೇರಿಯ ಮೊಹರಿನ ಹಾಳೆ. ಬರೆಯಲು ಬರುತ್ತಿದ್ದುದು ಕಚೇರಿಯ ಭಾಷೆ. "ನರ್ಸರಿ ಓಣಿಯ ಅಗಲವೆಷ್ಟು? ಒಂದು ತುದಿಯಿಂದ ಒಳಹೊಕ್ಕ ವಾಹನವು ಇನ್ನೊಂದು ತುದಿಯಿಂದ ನಿರಾತಂಕವಾಗಿ ಹೊರಬೀಳಬಹುದೇ? ಈ ಶುಕ್ರವಾರದೊಳಗೆ ತಿಳಿಸತಕ್ಕದ್ದು."

ಮುಖ್ಯಾಧಿಕಾರಿ ಕಾಗದ ಹಿಡಿದುಕೊಂಡು ಅಧ್ಯಕ್ಷರ ಕೋಣೆಗೆ ಓಡಿದರು.

"ಬಂದರಿನೋರಿಗೆ ನಮ್ಮ ಓಣಿ ಯಾಕ್ರೀ ಬೇಕು? ಇಲ್ಲಿ ಹಡಗು ಬರುತ್ತಾ?" ಎಂದರು ಅಧ್ಯಕ್ಷರು.

"ಅಲ್ಲೇ ಇರೋದು ಸಾರ್ ಗುಟ್ಟು. ಬಂದರು ಅನ್ನೋದು ಬರೀ ನೆಪ. ಯಾರೋ ಭಾರೀ ಅಧಿಕಾರಿ ಸದ್ದಿಲ್ದೆ ಬರ್ತಿದಾರೆ. ಸ್ವಂತ ಕಾರು, ಡ್ರೈವರ್ ಇಲ್ಲ, ಜೊತೇಲಿ ಹೆಂಡತಿ. ನನ್ನ ಬಾಮೈದ ಈಗಷ್ಟೇ ಹೇಳ್ದ. ಯಾರಿಗೂ ಹೇಳಬೇಡ ಅಂದಿದಾರಂತೆ!"

ಅಧ್ಯಕ್ಷರು ಬೆವರಿದರು. ಕಾರಣವಿತ್ತು. ಆ ಓಣಿ ಕಾಗದದ ಮೇಲೆ ಮೂರು ಸಲ ಡಾಂಬರು ಕಂಡಿತ್ತು, ನೆಲದ ಮೇಲೆ ಒಂದು ಸಲವೂ ಕಂಡಿರಲಿಲ್ಲ. "ಏನು ಕೇಳಿದಾರೋ ಅದಕ್ಕೆ ಹೌದು ಅಂತ ಬರ್ದು ಹಾಕಿ. ಇವತ್ತೇ ಕೆಲಸ ಶುರು ಮಾಡಿ. ಓಣಿ ಕೊನೇಲಿ ಕಸದ ಗುಡ್ಡೆ ಇದೆಯಲ್ಲ, ಅದು ಅವರ ಕಣ್ಣಿಗೆ ಬೀಳಕೂಡದು. ಏನಾದ್ರೂ ಮಾಡಿ!"

ಶುಕ್ರವಾರ ಗುಮಾಸ್ತರ ಕೈಗೆ ಉತ್ತರ ಬಂತು. "ನಿರಾತಂಕವಾಗಿ ಹೊರಬೀಳಬಹುದು. ಓಣಿಯ ಕೊನೆಯಿಂದ ಮೈದಾನಕ್ಕೆ ದಾರಿಯಿದೆ. ತಮ್ಮ ಆಗಮನವನ್ನು ಎದುರು ನೋಡುತ್ತಿದ್ದೇವೆ." ಒಳನಾಡಿನ ಜನ ಎಷ್ಟು ಮರ್ಯಾದಸ್ಥರು ಎಂದು ಗುಮಾಸ್ತರು ಎರಡು ಸಲ ಓದಿ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿದರು.

ಗುರುವಾರ ಬೆಳಿಗ್ಗೆ ಬೀದಿಯವರೆಲ್ಲ ಕೈಬೀಸಿ ಕಳಿಸಿದರು. ಪ್ರಯಾಣ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಾಗಿತು. ಬಂಕಿನಲ್ಲಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಬಂದರು. ಸೇತುವೆಯ ಮೇಲೆ ಒಂದು ಸೈಕಲ್ಲೂ ಎದುರಾಗಲಿಲ್ಲ. ಹೋಟೆಲಿನವನು ಗೇಟಿನಲ್ಲಿ ಹೊಸ ಅಂಗಿ ತೊಟ್ಟು ನಿಂತು, ಬೇರೆ ಗಾಡಿಗಳನ್ನೆಲ್ಲ ಹೊಲಕ್ಕೆ ಇಳಿಸಿದ್ದ. "ರೀ, ಈ ಕಡೆ ಜನ ಎಷ್ಟು ಒಳ್ಳೇವರು!" ಎಂದು ಹೆಂಡತಿ ಬೆರಗಾದಳು. "ಪ್ಲಾನು ಕಣೇ" ಎಂದು ಗುಮಾಸ್ತರು ಸ್ಟಿಯರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕಿದರು.

ನರ್ಸರಿ ಓಣಿಯ ಬಾಯಲ್ಲಿ ಇಪ್ಪತ್ತು ಜನ ನಿಂತಿದ್ದರು. ಅಧ್ಯಕ್ಷರು ಕಿಟಕಿಯೊಳಗೆ ಹೂವಿನ ಗುಚ್ಛ ತೂರಿಸಿದರು.

"ನಾನು ಬರೀ ಗುಮಾಸ್ತ ಸ್ವಾಮಿ" ಎಂದರು ಗಾಬರಿಯಾದ ಗುಮಾಸ್ತರು.

"ನೋಡಿದ್ರೇನ್ರೀ? ಎಂಥಾ ಸರಳತೆ!" ಎಂದು ಅಧ್ಯಕ್ಷರು ಹಿಂದೆ ತಿರುಗಿ ಜನರಿಗೆ ಹೇಳಿದರು. ಜನ ಚಪ್ಪಾಳೆ ತಟ್ಟಿದರು.

ಓಣಿಗೆ ಇನ್ನೂ ಬಿಸಿ ಆರದ ಡಾಂಬರು. ಎರಡೂ ಬದಿ ಸುಣ್ಣ ಬಳಿದ ಗೋಡೆಗಳು. ಕಾರೊಂದು ಹಿಡಿಸುವಷ್ಟೇ ಅಗಲ. ಗುಮಾಸ್ತರು ನಿರಾಳವಾಗಿ ನುಗ್ಗಿದರು. ಕೊನೆಯ ಮನೆಯ ಮುಂದೆ ಅಕ್ಕ ಎರಡೂ ಕೈ ಚಾಚಿ ನಿಂತಿದ್ದಳು. ಹೆಂಡತಿ ಕಾರು ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿದಳು. ಅಕ್ಕತಂಗಿಯರು ಅಪ್ಪಿಕೊಂಡು ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡತೊಡಗಿದರು. ಗುಮಾಸ್ತರು ಮಾತ್ರ ಕಾರಿನಲ್ಲೇ ಕೂತು ಕಣ್ಣು ಕಣ್ಣು ಬಿಡುತ್ತಿದ್ದರು.

ಮೈದಾನಕ್ಕೆ ದಾರಿ ಇರಬೇಕಾದ ಜಾಗದಲ್ಲಿ ಒಂದು ಗೋಡೆ ಎದ್ದಿತ್ತು. ಆಳೆತ್ತರದ, ಹೊಚ್ಚಹೊಸ ಗೋಡೆ. ಅದರ ಮೇಲೆ ನೀಲಿ ಬಣ್ಣದಲ್ಲಿ, ಮೊಳದುದ್ದದ ಅಕ್ಷರಗಳಲ್ಲಿ 'ಸುಸ್ವಾಗತ' ಎಂದು ಬರೆದಿತ್ತು.

"ಕಸದ ಗುಡ್ಡೆ ಕಾಣಬಾರದು ಅಂತ ನಿನ್ನೆ ಎಬ್ಬಿಸಿದ್ರು ನೋಡಿ" ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ. "ಯಾರೋ ದೊಡ್ಡೋರು ಬರ್ತಾರಂತೆ. ಇಳೀರಿ ಇವರೇ, ಯಾಕೆ ಹಂಗೆ ಕೂತ್ರಿ?"

ಶುಕ್ರವಾರ ಬೆಳಿಗ್ಗೆ ಹೊರಡಬೇಕಾಗಿತ್ತು. ಹೆಂಡತಿ ಮುಖ ಸಣ್ಣಗೆ ಮಾಡಿಕೊಂಡು ಚೀಲ ತುಂಬತೊಡಗಿದಾಗ ಗುಮಾಸ್ತರು ಗಂಟಲು ಸರಿಮಾಡಿಕೊಂಡರು. "ಇವತ್ತು ಬೇಡ. ಡಾಂಬರು ಹಸಿ ಇದೆ, ಟೈರಿಗೆ ಅಂಟುತ್ತೆ" ಎಂದರು. ಹೆಂಡತಿ ಚೀಲ ಕೆಳಗಿಟ್ಟಳು. ಶನಿವಾರ ಅವರಿಗೆ ಸೊಂಟ ಹಿಡಿದುಕೊಂಡಿತು. ಭಾನುವಾರ ದಾರಿಯಲ್ಲಿ ಜನ ಜಾಸ್ತಿ. ಅಷ್ಟು ದಿನ ರಜೆ ಬೇಕೆಂದು ಕಚೇರಿಗೆ ಫೋನು ಮಾಡಿದರೆ ಜವಾನನೇ ಬೋರ್ಡು ಬರೆಯುತ್ತಿದ್ದಾನೆಂದು ತಿಳಿಯಿತು. ತಾವಿಲ್ಲದೆಯೂ ಸಮುದ್ರ ಹೊತ್ತಿಗೆ ಸರಿಯಾಗಿ ಏರಿಳಿಯುತ್ತಿದೆ ಎಂದು ಕೇಳಿ ಅವರಿಗೆ ಒಂಥರಾ ಪೆಚ್ಚಾಯಿತು.

ಇಷ್ಟು ಸಾಲದೆಂಬಂತೆ ಅಕ್ಕ ದಿನಾ ಬೆಳಿಗ್ಗೆ ಟ್ರ್ಯಾಕ್ಟರಿಗೆ ಸಸಿ ತುಂಬಿದ ಟ್ರೇಲರು ಸಿಕ್ಕಿಸಿಕೊಂಡು, ಅದೇ ಓಣಿಯಲ್ಲಿ, ಒಂದು ಕೈಯಲ್ಲಿ ಚಹಾ ಲೋಟ ಹಿಡಿದು, ಸರ್ರನೆ ಹಿಂದಕ್ಕೆ ಬಿಟ್ಟುಕೊಂಡು ಹೋಗುತ್ತಿದ್ದಳು. ಗುಮಾಸ್ತರು ಕಿಟಕಿಯಿಂದ ನೋಡಿ ಪರದೆ ಎಳೆಯುತ್ತಿದ್ದರು. ಹೆಂಡತಿಯೂ "ಸಸಿಗೆ ನೀರು ಹಾಕಿ ಬರ್ತೀನಿ" ಎಂದು ಅಕ್ಕನ ಪಕ್ಕ ಹತ್ತಿ ಕೂರುತ್ತಿದ್ದಳು. ಮಧ್ಯಾಹ್ನ ಮೇಲಿನ ಕೋಣೆಯಿಂದ ಇಬ್ಬರ ನಗು ಮೆಟ್ಟಿಲಿಳಿದು ಬರುತ್ತಿತ್ತು. ಹೆಂಡತಿ ಹೀಗೆ ನಕ್ಕದ್ದನ್ನು ಗುಮಾಸ್ತರು ಕೇಳಿ ಬಹಳ ವರ್ಷವಾಗಿತ್ತು. ಕೇಳಿ ಸಂತೋಷವಾಯಿತು, ಗೋಡೆ ನೆನಪಾಗಿ ಸಂತೋಷ ಇಳಿದುಹೋಯಿತು.

ಮುಖ್ಯಾಧಿಕಾರಿ ದಿನವೂ ಹಾಜರಿ ಹಾಕುತ್ತಿದ್ದರು. "ಸಾರ್ ಇನ್ನೂ ಹೊರಟಿಲ್ಲ ಅಂದ್ರೆ ಏನೋ ದೋಷ ಕಂಡಿದೆ. ಹೇಳ್ಬಿಡಿ ಸಾರ್, ಮೂರು ದಿನದಿಂದ ನಮ್ಮ ಅಧ್ಯಕ್ಷರು ಊಟ ಬಿಟ್ಟಿದಾರೆ."

ಗುಮಾಸ್ತರ ತಲೆಯಲ್ಲಿ ಫಕ್ಕನೆ ದೀಪ ಹೊತ್ತಿತು. "ಆ ಗೋಡೆ" ಎಂದರು. "ಆ ಗೋಡೆ ಬಗ್ಗೆ ನೀವು ಮತ್ತೆ ಯೋಚನೆ ಮಾಡ್ಬೇಕು."

"ಗೋಡೆ!" ಮುಖ್ಯಾಧಿಕಾರಿ ಪುಸ್ತಕದಲ್ಲಿ ಬರೆದುಕೊಂಡು ಅಡಿಗೆರೆ ಎಳೆದರು. "ಗುರುವಾರ ಸಭೆ ಇದೆ ಸಾರ್. ಮೊದಲನೇ ವಿಷಯಾನೇ ಅದು."

ಗುಮಾಸ್ತರು ಗುರುವಾರಕ್ಕಾಗಿ ಬಾಯಿ ಬಾಯಿ ಬಿಡುತ್ತ ಕಾದರು. ಮಂಗಳವಾರ ಟೈರು ಬೆಚ್ಚಗಿದೆ ಎಂದರು, ಬುಧವಾರ ತಣ್ಣಗಿದೆ ಎಂದರು. ಹೆಂಡತಿ ಯಾವುದಕ್ಕೂ ಮರುಮಾತಾಡಲಿಲ್ಲ. ಗುರುವಾರ ಮಧ್ಯಾಹ್ನ ಅಧ್ಯಕ್ಷರೇ ಹಸನ್ಮುಖರಾಗಿ ಬಂದರು.

"ಒಮ್ಮತದ ತೀರ್ಮಾನ ಸಾರ್! ತಾವು ಅಷ್ಟು ಕಾಳಜಿ ತೋರಿಸಿದ ಮೇಲೆ ನಾವು ಸುಮ್ಮನಿರೋಕಾಗುತ್ತಾ? ಗೋಡೆ ಇನ್ನೆರಡು ಅಡಿ ಎತ್ತರ ಮಾಡ್ತಿದೀವಿ. ಮೇಲೆ ಗಾಜಿನ ಚೂರು ಬೇರೆ!"

ಗುಮಾಸ್ತರು ಒಳಗೆ ಬಂದು, ಮೆಟ್ಟಿಲು ಹತ್ತಿ, ಮೇಲಿನ ಕೋಣೆಯ ಹೊಸ ಮಂಚದ ಮೇಲೆ ತಲೆ ಮೇಲೆ ಕೈಹೊತ್ತು ಕೂತರು. ಹೆಂಡತಿ ಬಟ್ಟೆ ಮಡಚುತ್ತಿದ್ದಳು.

"ಇವಳೇ, ಒಂದು ವಿಷಯ ಹೇಳ್ಬೇಕು. ನಗಬಾರದು. ನನಗೆ... ಕಾರು ಹಿಂದಕ್ಕೆ ಬಿಡೋಕೆ ಬರಲ್ಲ."

ಹೆಂಡತಿ ಮಡಚಿದ ಸೀರೆಯನ್ನು ಚೀಲದೊಳಗಿಟ್ಟಳು. "ಗೊತ್ತು" ಎಂದಳು.

"ಗೊತ್ತಾ! ಯಾವಾಗಿಂದ?"

"ಹೊಸ ಸೀಟು ಮೀನಿನ ವಾಸನೆ ಬರುತ್ತೇನ್ರೀ? ಕ್ಷೌರದಂಗಡಿಗೆ ಊರೆಲ್ಲಾ ಸುತ್ತಿ ಹೋಗ್ತಾರಾ? ನನ್ನ ಹೂಬಳ್ಳಿ ಕೀಳಿಸಿದ ದಿನಾನೇ ಗೊತ್ತಾಯ್ತು."

"ಮತ್ತೆ ಈ ಎಂಟು ದಿನ ಬಾಯಿಬಿಡಲಿಲ್ಲವಲ್ಲೇ! ನನ್ನ ಪೀಕಲಾಟ ನೋಡ್ಕೊಂಡು ಸುಮ್ನಿದ್ಯಲ್ಲ!"

"ಹೇಳಿದ್ರೆ ಅಕ್ಕ ಆ ಕ್ಷಣಾನೇ ಕಾರು ಹೊರಗೆ ತೆಗೆದು ಕೊಡ್ತಿದ್ಲು. ನೀವು ಶುಕ್ರವಾರಾನೇ ಹೊರಡಿಸ್ಕೊಂಡು ಹೋಗ್ತಿದ್ರಿ." ಹೆಂಡತಿ ಮಂಚದ ಅಂಚಿಗೆ ಕೂತಳು. ಅವಳ ಕಣ್ಣು ತುಂಬಿತ್ತು, ಆದರೆ ಬಾಯಲ್ಲಿ ನಗುವಿತ್ತು. "ಎಂಟು ದಿನ ಕೇಳಿದ್ದೆ. ಇವತ್ತಿಗೆ ಎಂಟಾಯ್ತು. ನೀವಾಗಿ ಕೊಡಲಿಲ್ಲ, ಆ ಗೋಡೆ ಕೊಡ್ತು."

ಗುಮಾಸ್ತರು ತಲೆ ತಗ್ಗಿಸಿದರು. ಮುಖ ಕೆಂಪಗಾಯಿತು. "ನಾಚಿಕೆ ಆಗ್ತಿತ್ತು ಕಣೇ" ಎಂದರು ಕೊನೆಗೆ.

"ಅಲ್ಲಾ ರೀ, ಅಷ್ಟು ದೊಡ್ಡ ಸಮುದ್ರಾನೇ ದಿನಾ ಹಿಂದಕ್ಕೆ ಹೋಗುತ್ತೆ. ಎಷ್ಟೊತ್ತಿಗೆ ಅಂತ ನೀವೇ ಬೋರ್ಡ್ ಮೇಲೆ ಬರೀತೀರಿ. ಅದಕ್ಕಿಲ್ಲದ ನಾಚಿಕೆ ನಿಮಗ್ಯಾಕೆ? ಏಳಿ, ಕೀ ಕೊಡಿ."

"ಕೀ ಯಾಕೆ?"

ಹೆಂಡತಿ ಅವರ ಜೇಬಿನಿಂದ ತಾನೇ ಕೀ ತೆಗೆದುಕೊಂಡು ಕೆಳಗಿಳಿದಳು. ಓಣಿಯ ಜನವೆಲ್ಲ ಬೀಳ್ಕೊಡಲು ತಂತಮ್ಮ ಹೊಸ್ತಿಲ ಮೇಲೆ ಬಂದು ನಿಂತರು. ಸ್ಟಿಯರಿಂಗಿನ ಮುಂದೆ ಹೆಂಡತಿ ಕೂತಳು, ಪಕ್ಕದಲ್ಲಿ ಗುಮಾಸ್ತರು ಕಣ್ಣುಮುಚ್ಚಿ ಕೂತರು. "ಪುಟ್ಟೀ, ಕನ್ನಡಿ ನೋಡು, ಅವಸರ ಬೇಡ, ಟ್ರ್ಯಾಕ್ಟರ್ ಬಿಟ್ಟ ಹಾಗೇನೇ!" ಎಂದು ಅಕ್ಕ ಕೂಗಿದಳು. ಸಸಿಗೆ ನೀರು ಹಾಕಿದ್ದು ಎಷ್ಟೋ, ನರ್ಸರಿಯ ಬಯಲಿನಲ್ಲಿ ಅಷ್ಟೂ ಬೆಳಿಗ್ಗೆ ಆಗಿದ್ದೇನೋ, ಗುಮಾಸ್ತರಿಗೆ ಆಗ ಅರ್ಥವಾಯಿತು. ಕಾರು ಮೆಲ್ಲಗೆ, ಒಂದು ಗೋಡೆಗೂ ತಾಕದೆ, ಒಂದು ಸಲವೂ ನಿಲ್ಲದೆ, ಓಣಿಯುದ್ದಕ್ಕೂ ಹಿಂದಕ್ಕೆ ಸರಿದು ದೊಡ್ಡ ರಸ್ತೆಗೆ ಬಂದು ನಿಂತಿತು.

"ನೋಡಿ, ದೊಡ್ಡೋರು ಅಂದ್ರೆ ಹಂಗೆ" ಎಂದರು ಮುಖ್ಯಾಧಿಕಾರಿ ಅಧ್ಯಕ್ಷರ ಕಿವಿಯಲ್ಲಿ. "ರಿವರ್ಸ್‌ಗೆ ಬೇರೆಯವರನ್ನೇ ಇಟ್ಕೊಂಡಿರ್ತಾರೆ."

ಹೆಂಡತಿ ಇಳಿದು ಬಂದು ಕೀ ಕೊಟ್ಟಳು. "ಇಲ್ಲಿಂದ ಮುಂದಕ್ಕೆ ನೀವೇ ಓಡಿಸಿ. ಹಿಂದಕ್ಕೆ ಬಿಡೋದಿದ್ರೆ ನಾನಿದೀನಿ. ಆದ್ರೆ ವರ್ಷಕ್ಕೆ ಎಂಟು ದಿನ ಇಲ್ಲಿ."

"ಆಗಲ್ಲ ಅಂದ್ರೆ?"

"ಅಂದ್ರೆ ಏನಿಲ್ಲ. ಬೇಕಾದಷ್ಟು ದಿನ ಓಣಿಯೊಳಗೇ ಇರೋಣ."

ಗುಮಾಸ್ತರು ಒಂದು ಗಳಿಗೆ ಯೋಚಿಸಿದಂತೆ ನಟಿಸಿ, "ಹತ್ತು ದಿನ ಇರ್ಲಿ ಬಿಡು" ಎಂದು ಸ್ಟಿಯರಿಂಗ್ ಹಿಡಿದರು. ಅಕ್ಕ ಮೇಲಿನ ಕೋಣೆಗೆ ಬೀಗ ಹಾಕಿ ಓಡಿ ಬಂದು, ಅದರ ಕೀಲಿಯನ್ನು ತಂಗಿಯ ಮುಷ್ಟಿಯಲ್ಲಿಟ್ಟು ಮುಚ್ಚಿದಳು. ಮುಂದಿನ ವಾರ ಬಂದ ನೆಂಟರು ಮತ್ತೆ ನಡುಮನೆಯಲ್ಲಿ ಸಾಲಾಗಿ ಮಲಗಿದರು.

ಊರಿಗೆ ಬಂದ ಮೇಲೆ ಗುಮಾಸ್ತರು ತಾವೇ ಮುಂದೆ ನಿಂತು ಹಿಂದಿನ ಗೇಟು ಕೀಳಿಸಿ ಗೋಡೆ ಕಟ್ಟಿಸಿದರು. ಪಕ್ಕದ ಮನೆಯ ಮೇಷ್ಟ್ರು ಬಂದು, "ಇದೇನ್ರೀ, ಗಾಳಿ ಬೇಡವಾಯ್ತಾ?" ಎಂದು ಕೇಳಿದರು. ಗುಮಾಸ್ತರು ಹೊಸ ಗೋಡೆಯ ಬುಡದಲ್ಲಿ ಮಣ್ಣು ಕೆದಕುತ್ತ ಕೂತಿದ್ದರು. ಪಕ್ಕದಲ್ಲಿ ಅಕ್ಕ ಕಟ್ಟಿಕೊಟ್ಟ ಹೂಬಳ್ಳಿಯ ಸಸಿ ಇತ್ತು.

"ಗಾಳಿ ಸಾಕಾಯ್ತು ಮೇಷ್ಟ್ರೇ" ಎಂದರು ಅವರು. "ಬಳ್ಳಿಗೆ ಗೋಡೆ ಬೇಕು."